ಬಾವಿಗೆ ಹನ್ನೆರಡು ಅಡಿ

ಜನವರಿ 8

ಗೋಡೆಯಾಚೆಯ ಮನೆಯವರಿಗೆ,

ಒಂಬತ್ತು ವರ್ಷಗಳ ನಂತರ ನಿಮಗೆ ಬರೆಯುತ್ತಿದ್ದೇನೆ. ಕುಶಲ ವಿಚಾರಿಸಲು ಅಲ್ಲ. ನಮ್ಮಿಬ್ಬರ ನಡುವೆ ಉಳಿದಿರುವುದು ಬಾವಿಯೊಂದೇ. ಅದರ ಮೇಲೂ ಗೋಡೆ ಹಾದುಹೋಗಿದೆ. ಅರ್ಧ ಬಾಯಿ ನಿಮ್ಮ ಕಡೆ, ಅರ್ಧ ನಮ್ಮ ಕಡೆ. ಆದರೆ ಒಳಗಿನ ನೀರಿಗೆ ಗೋಡೆ ಕಟ್ಟುವ ಗಾರೆಯವನು ಇನ್ನೂ ಹುಟ್ಟಿಲ್ಲ. ಅದಕ್ಕೇ ಈ ಪತ್ರ.

ನವೆಂಬರಿನಿಂದ ನೀರು ನಾರುತ್ತಿದೆ. ಮೊದಮೊದಲು ನಾನೊಬ್ಬನೇ ಹೇಳುತ್ತಿದ್ದೆ. "ರಿಟೈರ್ ಆದ್ಮೇಲೆ ನಿಮ್ಮ ಮೂಗಿಗೆ ಬೇರೆ ಕೆಲಸ ಇಲ್ಲ" ಎಂದಳು ಮನೆಯವಳು. ಡಿಸೆಂಬರಿನಲ್ಲಿ ಅವಳೇ ಎರಡು ಸಲ ಹೊಟ್ಟೆ ಹಿಡಿದುಕೊಂಡು ಮಲಗಿದಳು. ಎರಡನೆಯ ಸಲ ಮೂರು ದಿನ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಬಂದಳು. ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ "ಯಾವ ನೀರು ಕುಡೀತೀರಾ?" ಎಂಬುದು.

ನಾನು ಮೂವತ್ತನಾಲ್ಕು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವನು. ಪುಟದಲ್ಲಿ ಒಂದು ತಪ್ಪು ಕಂಡರೆ ಅದು ಬರೆದವನದೋ, ಅಚ್ಚುಮೊಳೆ ಜೋಡಿಸಿದವನದೋ ಎಂದು ಹಿಂದೆ ಹಿಂದೆ ಹೋಗಿ ಹಿಡಿಯುವುದು ನನ್ನ ಅಭ್ಯಾಸ. ಇಲ್ಲಿ ಬಹಳ ಹಿಂದೆ ಹೋಗಬೇಕಾಗಿಲ್ಲ. ಕಳೆದ ಬೇಸಿಗೆಯಲ್ಲಿ ನೀವು ಹಿತ್ತಲಲ್ಲಿ ಎರಡು ಬಾಡಿಗೆ ಕೋಣೆ ಕಟ್ಟಿಸಿದಿರಿ. ಅವುಗಳಿಗೊಂದು ಹೊಸ ಸೆಪ್ಟಿಕ್ ಟ್ಯಾಂಕ್ ತೋಡಿಸಿದಿರಿ. ಚಳಿಗಾಲಕ್ಕೆ ನಮ್ಮ ನೀರು ಕೆಟ್ಟಿತು. ನಮ್ಮ ಮಹಡಿಯ ಮೇಲೆ ನಿಂತು ನೋಡಿದರೆ ಆ ಟ್ಯಾಂಕ್ ಬಾವಿಗೆ ಇಪ್ಪತ್ತೈದು ಅಡಿ ಮೀರದು. ಐವತ್ತಡಿಯ ನಿಯಮವನ್ನು ನಾನು ನಿಮಗೆ ಹೇಳಿಕೊಡಬೇಕೆ? ಆರೋಗ್ಯ ಕಚೇರಿ ಕೊಟ್ಟ ಲೈಸೆನ್ಸನ್ನು ಚೌಕಟ್ಟು ಹಾಕಿಸಿ ಬಾಗಿಲಿಗೆ ತೂಗುಬಿಟ್ಟ ಪ್ಲಂಬರ್ ನೀವು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ.

ಹದಿನೈದು ದಿನ ಸಮಯವಿದೆ. ಟ್ಯಾಂಕ್ ಮುಚ್ಚಿಸಿ. ಇಲ್ಲವಾದರೆ ಆರೋಗ್ಯ ಕಚೇರಿಗೆ ದೂರು ಹೋಗುತ್ತದೆ.

ಇಂತು,
ಗೋಡೆಯೀಚೆಯವನು
(ಈ ಪತ್ರದ ನಕಲು ಕಡತದಲ್ಲಿದೆ.)


ಜನವರಿ 12

ಕಾಗುಣಿತದವರೇ,

ಹಳೆಯ ಅಡ್ಡಹೆಸರು ಬಿಟ್ಟರೆ ನಿಮ್ಮನ್ನು ಹೇಗೆ ಕರೆಯಬೇಕೋ ಗೊತ್ತಾಗಲಿಲ್ಲ. ತಪ್ಪು ತಿಳಿಯಬೇಡಿ.

ಪತ್ರ ನಿನ್ನೆ ಸಿಕ್ಕಿತು. ಅಂಚೆಯವರು, "ಹತ್ತು ಹೆಜ್ಜೆ ದಾಟಿಸೋಕೆ ನಾನು ಊರೆಲ್ಲಾ ಸುತ್ತಿ ಬಂದೆ. ಒಂದ್ಸಲ ಕೂಗಿದ್ರೆ ಕೇಳ್ಸಲ್ವಾ ನಿಮ್ಗೆ?" ಅಂದರು. "ಕೇಳ್ಸುತ್ತೆ, ಅದೇ ತೊಂದ್ರೆ" ಅಂದೆ.

ನನ್ನ ಟ್ಯಾಂಕ್ ಬಾವಿಗೆ ಅರವತ್ತೆರಡು ಅಡಿ. ಬನ್ನಿ, ಟೇಪಿನ ಒಂದು ತುದಿ ನೀವೇ ಹಿಡಿದುಕೊಳ್ಳಿ. ಮಹಡಿ ಮೇಲಿಂದ ನೋಡಿದರೆ ಎಲ್ಲವೂ ಹತ್ತಿರವೇ ಕಾಣುತ್ತದೆ.

ನೀರು ನಾರಿದರೆ ಅದು ಕಕ್ಕಸಿನ ನೀರೇ ಆಗಬೇಕೆಂದಿಲ್ಲ. ನಲ್ಲಿ ನೀರು ಮೂಸಬೇಡಿ. ಬಾವಿಯಿಂದ ಒಂದು ಕೊಡ ಸೇದಿ, ತೊಳೆದ ಪಾತ್ರೆಗೆ ಹುಯ್ದು, ಬೀದಿ ಬಾಗಿಲಿಗೆ ತಂದು ಮೂಸಿ. ಅದರಲ್ಲಿ ವಾಸನೆ ಇಲ್ಲ, ನಲ್ಲಿಯಲ್ಲಿ ಮಾತ್ರ ಇದೆ ಅಂದರೆ ತಪ್ಪು ಮಹಡಿ ಟ್ಯಾಂಕಿನದು. ಮುಚ್ಚಳ ತೆಗೆದು ನೋಡಿ, ಪಾರಿವಾಳವೋ ಹಲ್ಲಿಯೋ ಸತ್ತು ಬಿದ್ದಿರುತ್ತದೆ. ಬಿಸಿನೀರಿಗೆ ಮಾತ್ರ ವಾಸನೆ ಇದ್ದರೆ ಹೀಟರ್ ಬಿಚ್ಚಿಸಿ. ಸೇದಿದ ನೀರೇ ನಾರಿದರೆ ಪ್ರಯೋಗಾಲಯಕ್ಕೆ ಹೋಗಿ. ಬಾಟಲಿ ಅವರೇ ಕೊಡುತ್ತಾರೆ. ಅದನ್ನು ತೊಳೆಯಬೇಡಿ, ಒಳಗೆ ಬೆರಳು ಹಾಕಬೇಡಿ, ಮುಚ್ಚಳವನ್ನು ನೆಲದ ಮೇಲೆ ಇಡಬೇಡಿ. ಅದೇ ದಿನ ತಲುಪಿಸಿ.

ಅಲ್ಲಿಯವರೆಗೆ ಅತ್ತಿಗೆಗೆ ಬಾವಿ ನೀರು ಬೇಡ. ಬೀದಿ ನಲ್ಲಿಯದು ತನ್ನಿ, ಅದನ್ನೂ ಕಾಯಿಸಿ. ಬೆಚ್ಚಗೆ ಮಾಡಿದರೆ ಸಾಲದು, ಗುಳ್ಳೆ ಎದ್ದು ಕುದಿಯಬೇಕು. ಹಲ್ಲುಜ್ಜೋದಕ್ಕೂ ಅದೇ ನೀರು.

ಅತ್ತಿಗೆ ಈಗ ಹೇಗಿದ್ದಾರೆ?

ಪ್ಲಂಬರ್


ಜನವರಿ 27

ಗೋಡೆಯಾಚೆಯವರಿಗೆ,

ನೀವು ಹೇಳಿದ್ದನ್ನೆಲ್ಲ ಮಾಡಿದೆ. ನಿಮ್ಮ ಮೇಲಿನ ನಂಬಿಕೆಯಿಂದಲ್ಲ. ನಾಳೆ "ಅದು ನೋಡಿದ್ರಾ, ಇದು ನೋಡಿದ್ರಾ" ಎಂದು ನೀವು ಜಾರಿಕೊಳ್ಳಬಾರದು ಎಂದು. ಮಹಡಿ ಟ್ಯಾಂಕಿನಲ್ಲಿ ಪಾರಿವಾಳವಿರಲಿಲ್ಲ. ಮೂರು ವರ್ಷದಿಂದ ನಾನು ಎಲ್ಲರ ಮೇಲೂ ಅನುಮಾನಪಟ್ಟು ಹುಡುಕುತ್ತಿದ್ದ ನೀಲಿ ಮಗ್ ಸಿಕ್ಕಿತು. ಸೇದಿದ ನೀರನ್ನು ಬೀದಿ ಬಾಗಿಲಲ್ಲಿ ನಿಂತು ಮೂಸಿದೆ. ದಾರಿಹೋಕರೆಲ್ಲ ನನ್ನನ್ನೇ ನೋಡಿದರು. ನಾರುತ್ತಿತ್ತು. ಪ್ರಯೋಗಾಲಯದ ವರದಿ ಬಂದಿದೆ: ಮಲದ ಬ್ಯಾಕ್ಟೀರಿಯಾ ಇದೆ, ಕುಡಿಯಲು ಯೋಗ್ಯವಲ್ಲ.

ಈಗ ನನ್ನ ದಿನಚರಿಯಿಂದ ಕೆಲವು ಸಾಲು.

ಹತ್ತೊಂಬತ್ತನೇ ತಾರೀಖು ಬೆಳಿಗ್ಗೆ ಆರೂವರೆ: ನೀವು ಗೋಡೆಯ ಬುಡಕ್ಕೆ, ಬಾವಿಯ ಹತ್ತಿರ, ಕಬ್ಬಿಣದ ಸರಳನ್ನು ನೆಲಕ್ಕೆ ಚುಚ್ಚಿ ಚುಚ್ಚಿ ತೆಗೆಯುತ್ತಿದ್ದಿರಿ. ತೆಗೆದ ಮೇಲೆ ತುದಿಯನ್ನು ಮೂಸುತ್ತಿದ್ದಿರಿ. ಇಪ್ಪತ್ತೆರಡು: ಎರಡು ಚೀಲ ಸುಣ್ಣ ಇಳಿಸಿಕೊಂಡಿರಿ. ಮನೆಗೆ ಸುಣ್ಣ ಬಳಿದದ್ದು ಮಾತ್ರ ಕಾಣಲಿಲ್ಲ. ಹದಿಮೂರರಿಂದ ಇಂದಿನವರೆಗೆ: ನಿಮ್ಮ ಕಡೆಯ ಮೋಟಾರಿನ ಸದ್ದೇ ಇಲ್ಲ. ನಿಮ್ಮ ಬಾಡಿಗೆಯವರು ಬೀದಿ ನಲ್ಲಿಯಲ್ಲಿ ಸಾಲು ನಿಂತಿದ್ದಾರೆ. ವರದಿ ನನ್ನ ಕೈಗೆ ಬರುವ ಮೊದಲೇ ನೀರು ಕೆಟ್ಟದ್ದೆಂದು ನಿಮಗೆ ಹೇಗೆ ಗೊತ್ತಾಯಿತು? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನಿನ್ನೂ ಕಳ್ಳ ಎಂದಿರಲೇ ಇಲ್ಲ, ನೀವು ಆಗಲೇ ಹೆಗಲು ತೊಳೆದುಕೊಂಡಿದ್ದೀರಿ.

ಮನೆಯವಳ ಮುಂದೆ ಇದನ್ನೆಲ್ಲ ಓದಿದೆ. "ಅವರು ಸರಳು ಚುಚ್ಚಿದ್ದು ಗೋಡೆ ಹತ್ರ ಅಲ್ವಾ? ಅವರ ಟ್ಯಾಂಕ್ ಇರೋದು ಆ ಮೂಲೇಲಿ" ಎಂದಳು. ಹೆಂಗಸರಿಗೆ ಮರುಕ ಜಾಸ್ತಿ.

ಇಂದು ಬೆಳಿಗ್ಗೆ ಹತ್ತು ಗಂಟೆಗೆ ಆರೋಗ್ಯ ಕಚೇರಿಯಲ್ಲಿ ದೂರು ಕೊಟ್ಟು, ಸ್ವೀಕೃತಿಗೆ ಮೊಹರು ಹಾಕಿಸಿಕೊಂಡು ಬಂದೆ. ಇನ್ಸ್‌ಪೆಕ್ಟರು ಒಂದು ತಿಂಗಳೊಳಗೆ ಬರುತ್ತಾರೆ.

ಇಂತು,
ಗೋಡೆಯೀಚೆಯವನು


ಜನವರಿ 31

ಕಾಗುಣಿತದವರೇ,

ದೂರು ವಾಪಸ್ ತಗೊಳ್ಳಿ. ಬೇಡಿಕೊಳ್ಳುತ್ತಿದ್ದಾನೆ ಅಂತಲೇ ಇಟ್ಟುಕೊಳ್ಳಿ.

ಇನ್ಸ್‌ಪೆಕ್ಟರ್ ಬಂದರೆ ನನ್ನ ಟ್ಯಾಂಕ್ ಒಂದನ್ನೇ ನೋಡಿ ಹೋಗುವುದಿಲ್ಲ. ಬಾವಿ ಸುತ್ತ ಎರಡೂ ಕಡೆ ನೆಲ ಅಗೆಸುತ್ತಾರೆ. ಐವತ್ತು ಅಡಿ ಒಳಗೆ ಕೊಳಚೆ ಪೈಪು ಸಿಕ್ಕಿದರೆ, ಅದನ್ನು ಹಾಕಿದ ಪ್ಲಂಬರ್ ಲೈಸೆನ್ಸ್ ರದ್ದು. ಯಾವಾಗ ಹಾಕಿದ್ದು, ಯಾಕೆ ಹಾಕಿದ್ದು ಅಂತ ಅವರು ಕೇಳುವುದಿಲ್ಲ. ನನ್ನ ಲೈಸೆನ್ಸಿಗೆ ಇಪ್ಪತ್ತೆಂಟು ವರ್ಷ. ಈ ವಯಸ್ಸಲ್ಲಿ ಬೇರೆ ಕಸುಬು ಕಲಿಯುವುದು ನನ್ನ ಕೈಲಾಗದು.

ಹಗಲು ಹೊತ್ತಲ್ಲಿ, ನೀವು ಎದುರಿಗೆ ನಿಂತಿರುವಾಗ, ಒಂದು ಗಂಟೆ ನಿಮ್ಮ ಹಿತ್ತಲಿಗೆ ನನ್ನನ್ನು ಬಿಡಿ. ಯಾಕೆ ಅಂತ ಅಲ್ಲೇ ಹೇಳುತ್ತೇನೆ. ಬರೆದು ಹೇಳುವ ವಿಷಯ ಅಲ್ಲ. ನೀವು ಬರೆದದ್ದನ್ನೆಲ್ಲ ಕಡತಕ್ಕೆ ಸೇರಿಸುತ್ತೀರಿ, ಕಡತವನ್ನು ನಾಳೆ ಕಚೇರಿಯವರು ಕೇಳುತ್ತಾರೆ.

ಒಂದೇ ಒಂದು ಮಾತು ಕೇಳಲಾ? ಅಮ್ಮನ ಕೋಣೆಗೆ ಈಗಲೂ ಬೀಗ ಇದೆಯಾ, ತೆರೆದಿದ್ದೀರಾ?

ಪ್ಲಂಬರ್


ಫೆಬ್ರವರಿ 3

ಗೋಡೆಯಾಚೆಯವರಿಗೆ,

ಬರೆದು ಹೇಳಲಾಗದ ವಿಷಯವಂತೆ! ಓದಿದವರೆಲ್ಲರಿಗೂ ಗೊತ್ತು, ಬರೆಯಲಾಗದ ಮಾತು ಎಂದರೆ ಒಪ್ಪಲಾಗದ ಮಾತು.

ನನ್ನ ಹಿತ್ತಲಿಗೆ ನಿಮ್ಮನ್ನು ಬಿಡಬೇಕಂತೆ. ಕೊನೆಯ ಸಲ ನೀವು ಅಲ್ಲಿ ಕಾಲಿಟ್ಟದ್ದು ನೆನಪಿದೆಯೇ? ನನಗಿದೆ. ನನ್ನ ತಾಯಿ ಹೋಗಿ ಮೂರನೆಯ ದಿನ. ಮನೆಯಲ್ಲಿ ಒಲೆಯೂ ಸರಿಯಾಗಿ ಹೊತ್ತಿರಲಿಲ್ಲ. ಬಾಗಿಲಲ್ಲಿ ನೀವು ನಿಂತಿದ್ದಿರಿ, ಹೆಗಲ ಮೇಲೆ ಪಿಕಾಸಿ. "ಅಮ್ಮನ ಬಚ್ಚಲು ಒಡೀಬೇಕು" ಎಂದಿರಿ. ಅಷ್ಟೇ. ಒಂದು ಸಮಾಧಾನದ ಮಾತಿಲ್ಲ. ನಿಮ್ಮನ್ನು "ನಂದು ಎರಡನೇದು" ಎಂದು ಕರೆಯುತ್ತಿದ್ದ ಹೆಂಗಸು. ಆಸ್ಪತ್ರೆಯಿಂದ ಬಂದಾಗ ಎದ್ದು ನಡೆಯಲಾರಳೆಂದು ಅವಳ ಕೋಣೆಗೆ ಹೊಂದಿಸಿ ಕಟ್ಟಿಸಿದ, ಕಕ್ಕಸೂ ಸೇರಿದ ಬಚ್ಚಲು ಅದು. ಅದರ ಗೋಡೆಯ ಮೇಲೆ ಅವಳ ಕೈಯ ಗುರುತು ಇನ್ನೂ ಹಸಿಯಾಗಿತ್ತು. "ಹೆಣ ಹೋಗಿ ಮೂರು ದಿನ ಆಗಿಲ್ಲ, ಇಟ್ಟಿಗೆ ಲೆಕ್ಕಕ್ಕೆ ಬಂದ್ಯಾ? ಹೊರಗೆ ನಡಿ!" ಎಂದೆ. ಮುಂದಿನ ವಾರ ಗೋಡೆ ಎದ್ದಿತು. ಎಂಟನೆಯ ತರಗತಿಯಿಂದ ಜೊತೆಗಿದ್ದವನ, ನಾನು "ವಾಷರ್" ಎಂದು ಕೂಗುತ್ತಿದ್ದವನ ಮುಖ ನೋಡದೆ ಇರಲು ಗೋಡೆಯ ಎತ್ತರ ಏಳಡಿ ಬೇಕಾಯಿತು.

ಕೋಣೆಯ ಬೀಗದ ವಿಚಾರ ನಿಮಗೇಕೆ? ಎಂಟು ವರ್ಷ ಮುಚ್ಚಿಯೇ ಇತ್ತು. ಮನೆಯವಳಿಗೆ ಮೊಣಕಾಲಿನ ಆಪರೇಷನ್ ಆದ ಮೇಲೆ ಹಿತ್ತಲ ಕಕ್ಕಸಿನ ಮೂರು ಮೆಟ್ಟಿಲು ಹತ್ತಲಾಗದು. ಅಕ್ಟೋಬರಿನಿಂದ ಅವಳು ಅಮ್ಮನ ಕೋಣೆಯಲ್ಲಿ ಮಲಗುತ್ತಾಳೆ, ಅಮ್ಮನ ಬಚ್ಚಲನ್ನೇ ಬಳಸುತ್ತಾಳೆ. ಸಾಕೆ? ಅಥವಾ ಅದನ್ನು ಒಡೆಯಲು ಮತ್ತೆ ಪಿಕಾಸಿ ಮಸೆಯುತ್ತಿದ್ದೀರೋ?

ಈಗ ಕೆಲಸದ ಮಾತು. ಬಹಳ ಹಿಂದೆ ನಾನು ಕರಡು ತಿದ್ದಿದ ನೈರ್ಮಲ್ಯದ ಕೈಪಿಡಿಯೊಂದರಲ್ಲಿ ಓದಿದ ಉಪಾಯ: ಅನುಮಾನವಿರುವ ಕಕ್ಕಸಿಗೆ ಬಣ್ಣ ಹುಯ್ದು, ಅದು ಬಾವಿಯಲ್ಲಿ ಬರುತ್ತದೆಯೇ ಎಂದು ಕಾಯುವುದು. ಪ್ರಯೋಗಾಲಯದವರು ಹಸಿರು ಪುಡಿಯ ಎರಡು ಪೊಟ್ಟಣ ಕೊಟ್ಟಿದ್ದಾರೆ, ಅಪಾಯವಿಲ್ಲದ್ದು. ಒಂದನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ಒಂಬತ್ತನೇ ತಾರೀಖು ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ನಿಮ್ಮ ಬಾಡಿಗೆಯವರ ಕಕ್ಕಸಿಗೆ ಹಾಕಿ, ಹತ್ತು ಬಕೆಟ್ ನೀರು ಹುಯ್ಯಿರಿ. ಪೊಟ್ಟಣದಲ್ಲಿ ಬೇರೇನೋ ತುಂಬಿಸಿಟ್ಟು ಅದನ್ನೇ ಹುಯ್ದೆ ಎನ್ನಬಾರದೆಂದು ಅಂಟಿನ ಮೇಲೆ ಅಡ್ಡಡ್ಡ ಸಹಿ ಮಾಡಿದ್ದೇನೆ.

ದೂರು ವಾಪಸ್ ಬರುವುದಿಲ್ಲ.

ಇಂತು,
ಗೋಡೆಯೀಚೆಯವನು


ಫೆಬ್ರವರಿ 12

ಗೋಡೆಯಾಚೆಯವರಿಗೆ,

ಹಸಿರು!

ಭಾನುವಾರ ಏನೂ ಇಲ್ಲ. ಸೋಮವಾರವೂ ಇಲ್ಲ. ಗಂಟೆಗೊಂದು ಸಲ ಸೇದಿ ಬಿಳಿಯ ಬಟ್ಟಲಿಗೆ ಹುಯ್ದು ನೋಡಿದೆ. ನಿನ್ನೆ ಮಂಗಳವಾರ ಮಧ್ಯಾಹ್ನ ಅನುಮಾನವಾಯಿತು. ಇಂದು ಬೆಳಿಗ್ಗೆ ಅನುಮಾನಕ್ಕೆ ಜಾಗವೇ ಇಲ್ಲ. ಬಿಸಿಲಿಗೆ ಹಿಡಿದರೆ ಗಿಳಿಯ ರೆಕ್ಕೆಯನ್ನು ಅದ್ದಿ ತೆಗೆದ ಹಾಗಿದೆ. ಎರಡು ಬಾಟಲಿ ತುಂಬಿಸಿ, ಮೊಹರು ಮಾಡಿ, ತಾರೀಖು ಬರೆದಿಟ್ಟಿದ್ದೇನೆ. ಒಂದು ಇನ್ಸ್‌ಪೆಕ್ಟರಿಗೆ, ಒಂದು ನನ್ನ ಕಡತಕ್ಕೆ.

ಪುಡಿಯನ್ನು ಹುಯ್ದ ನಿಮ್ಮ ಪ್ರಾಮಾಣಿಕತೆಗೆ ಆಶ್ಚರ್ಯವಾಯಿತು, ಅದನ್ನು ಮುಚ್ಚಿಡುವುದಿಲ್ಲ. ಬಣ್ಣ ಇಷ್ಟು ದೂರ ಬರಲಾರದು ಎಂದು ಲೆಕ್ಕ ಹಾಕಿದ್ದಿರಬೇಕು. ಅರವತ್ತೆರಡು ಅಡಿ ಎಂಬ ನಿಮ್ಮ ಟೇಪಿನ ಮೇಲೆ ನಿಮಗೇ ಅಷ್ಟು ಭರವಸೆ!

ಮನೆಯವಳನ್ನು ಕರೆದು ಬಟ್ಟಲು ತೋರಿಸಿದೆ. "ನೋಡು ನಿನ್ನ ಮೈದುನನ ಕೈಗುಣ" ಎಂದೆ. ಅವಳು ಬಹಳ ಹೊತ್ತು ನೋಡಿದಳು. ಕಾಲು ನೋಯುತ್ತಿದೆ ಎಂದು ಒಳಗೆ ಹೋದಳು.

ಇಂತು,
ಗೋಡೆಯೀಚೆಯವನು


ಫೆಬ್ರವರಿ 14

ಕಾಗುಣಿತದವರೇ,

ನೀವು ಕಳಿಸಿದ ಪೊಟ್ಟಣವನ್ನು ಇದರ ಜೊತೆ ವಾಪಸ್ ಕಳಿಸಿದ್ದೇನೆ. ನಾನು ತೆರೆದಿಲ್ಲ. ಅಂಟಿನ ಮೇಲಿರುವ ನಿಮ್ಮ ಸಹಿ ನೋಡಿಕೊಳ್ಳಿ.

ಪ್ಲಂಬರ್


ಫೆಬ್ರವರಿ 16

ಇವರಿಗೆ,

ಒಂದೇ ಮನೆಯಲ್ಲಿದ್ದುಕೊಂಡು ಗಂಡನಿಗೆ ಕಾಗದ ಬರೆಯುವುದು ನಗೆಪಾಟಲು. ಆದರೆ ಬಾಯಲ್ಲಿ ಹೇಳಿದ್ದನ್ನು ನೀವು ತಿದ್ದುತ್ತೀರಿ, ಬರೆದದ್ದನ್ನು ಮಾತ್ರ ಓದುತ್ತೀರಿ. ಅದಕ್ಕೆ ಬರೆದು ಕನ್ನಡಕದ ಕೆಳಗೆ ಇಟ್ಟಿದ್ದೇನೆ.

ನಿನ್ನೆಯಿಂದ ಆ ಪೊಟ್ಟಣವನ್ನು ದೀಪಕ್ಕೆ ಹಿಡಿದು ಹಿಡಿದು ನೋಡುತ್ತಿದ್ದೀರಿ. ಸಹಿ ನಿಮ್ಮದೇ. ಯಾರೂ ತೆರೆದಿಲ್ಲ. ಎರಡನೆಯ ಪೊಟ್ಟಣ ಮೇಜಿನ ಡ್ರಾಯರಿನಲ್ಲಿತ್ತಲ್ಲ, ಅದನ್ನು ಹೋಗಿ ನೋಡಿ. ಇಲ್ಲ. ಭಾನುವಾರ ಎಂಟು ಗಂಟೆಗೆ ನೀವು ಮಹಡಿ ಮೇಲೆ ನಿಂತು ಅವರ ಮನೆ ಕಾಯುತ್ತಿದ್ದಾಗ ನಾನು ಅದನ್ನು ಅಮ್ಮನ ಬಚ್ಚಲಿಗೆ ಹುಯ್ದೆ. ಹತ್ತು ಬಕೆಟ್ ಆಗಲಿಲ್ಲ, ಮೊಣಕಾಲು ಬಿಡಲಿಲ್ಲ. ಆರು ಹುಯ್ದೆ. ಅಷ್ಟಕ್ಕೇ ಬಂತು.

ಯಾರೂ ನನಗೆ ಹೇಳಿಕೊಡಲಿಲ್ಲ. ಅವರ ಪತ್ರವನ್ನು ನೀವೇ ಗಟ್ಟಿಯಾಗಿ ಓದಿದಿರಿ. "ಅಮ್ಮನ ಕೋಣೆಗೆ ಈಗಲೂ ಬೀಗ ಇದೆಯಾ" ಅಂತ ಅವರು ಕೇಳಿದ್ದು ನಿಮಗೆ ಕೊಬ್ಬಾಗಿ ಕೇಳಿಸಿತು. ನನಗೆ ಅಕ್ಟೋಬರು, ನವೆಂಬರು ಅಂತ ಕೇಳಿಸಿತು. ನಾನು ಆ ಕೋಣೆಗೆ ಹೋದ ಮೂರು ವಾರಕ್ಕೆ ನೀರು ನಾರಿತು. ನಿಮ್ಮ ಕಡತದಲ್ಲಿ ಎಲ್ಲಾ ತಾರೀಖೂ ಇದೆ, ನನ್ನ ಹಾಸಿಗೆ ಸಾಗಿಸಿದ ತಾರೀಖು ಮಾತ್ರ ಇಲ್ಲ.

ಇನ್ನೊಂದು ವಿಷಯ. ಅಮ್ಮನ ಆಸ್ಪತ್ರೆಯ ಕಾಗದಗಳ ಕಟ್ಟು ಬೀರುವಿನ ಮೇಲಿದೆ, ಹಸಿರು ರಟ್ಟು. ಒಂಬತ್ತು ವರ್ಷದಲ್ಲಿ ನೀವು ಅದೊಂದನ್ನು ಬಿಚ್ಚಿಲ್ಲ. ಧೂಳು ಕೂಡ ನಾನೇ ಒರೆಸುತ್ತೇನೆ. ಅದರೊಳಗೆ ಬಚ್ಚಲು ಕಟ್ಟಿಸಿದ ದಿನದ ಚೀಟಿ ಇದೆ. ಅವರು ಬರೆದದ್ದು, ನೀವು ತಿದ್ದಿದ್ದು. ಓದಿ.

ಅವತ್ತು ಅವರು ಪಿಕಾಸಿ ಹಿಡಿದು ಬಂದಾಗ ನಾನು ನಿಮ್ಮ ಹಿಂದೆಯೇ ನಿಂತಿದ್ದೆ. ಅವರ ಕಣ್ಣು ಊದಿಕೊಂಡಿತ್ತು. ನೀವು ಪಿಕಾಸಿ ನೋಡಿದಿರಿ.

ಇವತ್ತಿನಿಂದ ನಾನು ಆ ಬಚ್ಚಲು ಬಳಸುವುದಿಲ್ಲ. ಮೂರು ಮೆಟ್ಟಿಲು ಹತ್ತಲು ನಿಮ್ಮ ಹೆಗಲು ಬೇಕು. ಕೂಗಿದಾಗ ಬನ್ನಿ.

ನಿಮ್ಮ ಮನೆಯವಳು


ಫೆಬ್ರವರಿ 17

ಆರೋಗ್ಯಾಧಿಕಾರಿಗಳಿಗೆ,

ಮಾನ್ಯರೇ,

ಜನವರಿ 27ರಂದು ನಾನು ಕೊಟ್ಟ ದೂರಿನಲ್ಲಿ ತಪ್ಪುಗಳಿವೆ. ಮೂವತ್ತನಾಲ್ಕು ವರ್ಷ ಬೇರೆಯವರ ಪುಸ್ತಕಗಳಿಗೆ ತಪ್ಪೊಪ್ಪುಗಳ ಪಟ್ಟಿ ಮಾಡಿಕೊಟ್ಟವನು ನಾನು. ಇದು ನನ್ನದು.

ನಮ್ಮ ಬಾವಿ ಕೆಟ್ಟಿರುವುದು ನೆರೆಯವರ ಟ್ಯಾಂಕಿನಿಂದಲ್ಲ. ನನ್ನ ಮನೆಯ ಒಂದು ಬಚ್ಚಲಿನಿಂದ. ಒಂಬತ್ತು ವರ್ಷಗಳ ಹಿಂದೆ ಅದರ ಪೈಪನ್ನು ನಮ್ಮ ತಂದೆಯ ಕಾಲದ ಹಳೆಯ ಇಂಗುಗುಂಡಿಗೆ ಜೋಡಿಸಲಾಗಿದೆ. ಆ ಗುಂಡಿ ಬಾವಿಗೆ ಹನ್ನೆರಡು ಅಡಿಯಲ್ಲಿದೆ. ಬಣ್ಣದ ಪರೀಕ್ಷೆಯಿಂದ ಇದು ಖಚಿತವಾಗಿದೆ. ಬಾಟಲಿ ಲಗತ್ತಿಸಿದೆ.

ಪೈಪು ಹಾಕಿದವರು ಪಕ್ಕದ ಮನೆಯ ಪ್ಲಂಬರು. ಇಷ್ಟನ್ನೇ ಓದಿ ನೀವು ಅವರ ಲೈಸೆನ್ಸಿನ ಮೇಲೆ ಕೈ ಹಾಕಬಾರದೆಂದು, ಅಂದಿನ ಚೀಟಿಯ ಮೂಲಪ್ರತಿಯನ್ನೇ ಕಳಿಸುತ್ತಿದ್ದೇನೆ. ನಕಲು ಇಟ್ಟುಕೊಂಡಿಲ್ಲ. ಅದರಲ್ಲಿ ಪ್ಲಂಬರರ ಕೈಬರಹದಲ್ಲಿ ಹೀಗಿದೆ:

"ಗುಂಡಿ ಬಾವಿಗೆ ಹನ್ನೆರಡು ಅಡಿ. ಇಲ್ಲಿಗೆ ಪೈಪು ಬಿಡಬಾರದು ಅಂತ ಹೇಳಿದ್ದೇನೆ. ದೂರದ ಟ್ಯಾಂಕಿಗೆ ಎಳೆಯಲು ಎಂಟು ದಿನ ಬೇಕು. ಅಮ್ಮ ನಾಳೆ ಆಸ್ಪತ್ರೆಯಿಂದ ಬರುತ್ತಾರೆ, ಇವತ್ತೇ ಆಗಬೇಕು ಅಂತ ಮನೆಯವರ ಒತ್ತಾಯ. ಒಂದು ತಿಂಗಳು ಮಾತ್ರ. ಆಮೇಲೆ ಒಡೆದು ಮುಚ್ಚತಕ್ಕದ್ದು."

ಅದರಲ್ಲಿ ಎರಡು ಅಕ್ಷರದೋಷಗಳಿದ್ದವು. ಕೆಂಪು ಶಾಯಿಯಲ್ಲಿ ತಿದ್ದಿದ್ದೇನೆ. "ಒಂದು ತಿಂಗಳು ಮಾತ್ರ" ಎಂಬುದನ್ನು ಅದೇ ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಮೇಲೆ "ಅಮ್ಮ ಇರುವವರೆಗೆ" ಎಂದು ಬರೆದಿದ್ದೇನೆ. ಕೆಳಗೆ "ಜವಾಬ್ದಾರಿ ನನ್ನದು" ಎಂದು ಬರೆದು ಸಹಿ ಮಾಡಿದ್ದೇನೆ. ಸಹಿ ನನ್ನದೇ, ಹೋಲಿಸಿ ನೋಡಲು ದೂರಿನಲ್ಲಿರುವುದು ಸಾಕು.

ಅಮ್ಮ ಏಳು ತಿಂಗಳು ಇದ್ದಳು. ಅವಳು ಹೋದ ಮೂರನೆಯ ದಿನ ಪ್ಲಂಬರು ಈ ಚೀಟಿಯಲ್ಲಿದ್ದಂತೆ ಬಚ್ಚಲು ಒಡೆದು ಗುಂಡಿ ಮುಚ್ಚಲು ಬಂದರು. ನಾನು ಅವರನ್ನು ಹೊರಗಟ್ಟಿದೆ. ಆ ದಿನದಿಂದ ಈ ಪೈಪು ನನ್ನದು, ಅವರದಲ್ಲ.

ನೆನಪಿನ ವಿಷಯದಲ್ಲಿ ನನಗೆ ಹೆಮ್ಮೆಯಿತ್ತು. ಈ ಚೀಟಿಯನ್ನು ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ. ಅದಿದ್ದ ಕಟ್ಟನ್ನು ಬಿಚ್ಚದೆ ಇದ್ದೆ.

ಕ್ರಮ ಕೈಗೊಳ್ಳುವುದಾದರೆ ನನ್ನ ಮೇಲೆ ಕೈಗೊಳ್ಳಿ.

ಇಂತು ವಿಧೇಯ,
ದೂರುದಾರ


ಮಾರ್ಚ್ 1

ಕಾಗುಣಿತದವರೇ,

ಇನ್ಸ್‌ಪೆಕ್ಟರ್ 26ಕ್ಕೆ ಬಂದಿದ್ದರು. ನೀವು ಅತ್ತಿಗೆಯನ್ನು ಕರೆದುಕೊಂಡು ಡಾಕ್ಟರ ಹತ್ತಿರ ಹೋಗಿದ್ದಿರಿ. ಮೊದಲು ನನ್ನ ಟ್ಯಾಂಕ್ ಅಳೆಸಿದರು. ಅರವತ್ತೊಂದೂವರೆ. ಅರ್ಧ ಅಡಿ ನಾನು ಜಾಸ್ತಿ ಹೇಳಿದ್ದೆ, ನಿಮ್ಮ ಕಡತದಲ್ಲಿ ತಿದ್ದಿಕೊಳ್ಳಿ.

ಆಮೇಲೆ ಚೀಟಿ ತೆಗೆದರು. "ಇದನ್ನ ತಿದ್ದಿದ್ದು ಯಾರ್ರೀ?" ಅಂತ ಕೇಳಿದರು. "ದೂರುದಾರರು" ಅಂದೆ. "ತಾಯಿ ಆಸ್ಪತ್ರೇಲಿದ್ರೂ ಕಾಗುಣಿತ ತಿದ್ದಿದಾನಲ್ರೀ ಈ ಮನುಷ್ಯ!" ಅಂದರು. ನನ್ನ ಲೈಸೆನ್ಸ್ ಪುಸ್ತಕದಲ್ಲಿ ಒಂದು ಎಚ್ಚರಿಕೆ ಬರೆದರು. ಬಲವಂತಕ್ಕೆ ಇನ್ನು ಯಾವತ್ತೂ ಪೈಪು ಹಾಕಬಾರದು ಅಂತ. ರದ್ದು ಮಾಡಲಿಲ್ಲ. ಚೌಕಟ್ಟು ಬಾಗಿಲಲ್ಲೇ ಇದೆ. ಗುಂಡಿಯನ್ನು ಒಂದು ತಿಂಗಳಲ್ಲಿ ಮುಚ್ಚಬೇಕು ಅಂತ ನಿಮಗೆ ನೋಟಿಸ್ ಬರುತ್ತದೆ.

ನಾನು ಸರಳು ಚುಚ್ಚಿದ್ದು ಆ ಗುಂಡಿ ಒದ್ದೆ ಇದೆಯಾ ಅಂತ ಈ ಕಡೆಯಿಂದ ನೋಡಲಿಕ್ಕೆ. ಒದ್ದೆ ಇತ್ತು. ಸುಣ್ಣ ಅದಕ್ಕೇ ತರಿಸಿದ್ದು. ಗೋಡೆ ಈಚೆಯಿಂದ ಗುಂಡಿ ಕೈಗೆ ಎಟುಕಲಿಲ್ಲ.

ಇನ್ನು ಕೆಲಸ ಹೇಳುತ್ತೇನೆ. ಬಚ್ಚಲು ಒಡೆಯುವುದು ಬೇಡ. ಅತ್ತಿಗೆಗೆ ಅದೇ ಅನುಕೂಲ. ಅದರ ಪೈಪು ಕತ್ತರಿಸಿ, ಮನೆಯ ಪಕ್ಕದಿಂದ ಸುತ್ತಿಸಿ, ನಿಮ್ಮ ಮನೆ ಮುಂದಿರುವ ದೂರದ ಟ್ಯಾಂಕಿಗೆ ಎಳೆಯುತ್ತೇನೆ. ಇಳಿಜಾರು ಸಿಗುತ್ತದೆ, ಆಗಲೇ ಅಳೆದಿದ್ದೆ. ಹಳೆಯ ಗುಂಡಿ ಬರಿದು ಮಾಡಿಸಿ ಸುಣ್ಣ ಹಾಕಿ ಜಲ್ಲಿ ಮಣ್ಣು ತುಂಬಬೇಕು. ಬಾವಿ ನೀರನ್ನು ಮೂರು ಸಲ ಪೂರ್ತಿ ಹೊರಗೆ ಹಾಕಿ, ಕಲ್ಲುಗಳನ್ನು ಉಜ್ಜಿ, ಬ್ಲೀಚಿಂಗ್ ಪುಡಿ ಹಾಕಿ ಒಂದು ದಿನ ಬಿಡಬೇಕು. ಎರಡು ವಾರ ಬಿಟ್ಟು ಮತ್ತೆ ಪರೀಕ್ಷೆ. ಮಣ್ಣಿನಲ್ಲಿ ಉಳಿದದ್ದು ಇಳಿಯಲು ಸಮಯ ಬೇಕು.

ಎಂಟು ದಿನದ ಕೆಲಸ. ಅವತ್ತೂ ಅಷ್ಟೇ ಕೇಳಿದ್ದೆ.

ಪಿಕಾಸಿ ಹಿಡಿದುಕೊಂಡೇ ಬರಬೇಕಾಗುತ್ತದೆ. ಬಾಗಿಲು ತೆಗೀತೀಯಾ?

ವಾಷರ್


ಮಾರ್ಚ್ 4

ಹಿತ್ತಲ ಬಾಗಿಲಿಗೆ ಬೀಗ ಹಾಕಿಲ್ಲ.


ಮಾರ್ಚ್ 30

ವಾಷರ್‌ಗೆ,

ಪ್ರಯೋಗಾಲಯದ ವರದಿ ಬಂದಿದೆ. ಬ್ಯಾಕ್ಟೀರಿಯಾ ಕಂಡುಬಂದಿಲ್ಲ, ಕುಡಿಯಲು ಯೋಗ್ಯ ಎಂದು ಬರೆದಿದ್ದಾರೆ. ನಾನು ನಂಬುವುದಿಲ್ಲ. ಒಂದೇ ಪುಟದ ವರದಿಯಲ್ಲಿ ಮೂರು ಅಕ್ಷರದೋಷಗಳಿವೆ. ಅಕ್ಷರ ಎಣಿಸಲು ಬಾರದವರು ಬ್ಯಾಕ್ಟೀರಿಯಾ ಹೇಗೆ ಎಣಿಸಿದರು?

ಎಂಟು ದಿನ ನೀನು ನನ್ನ ಹಿತ್ತಲಲ್ಲಿ ಕೆಲಸ ಮಾಡಿದೆ. ಎಂಟೂ ದಿನ ನಾನು ಕಿಟಕಿಯಲ್ಲಿದ್ದೆ. ಕಾವಲಿಗೆ ಎಂದು ನಿನ್ನ ಅತ್ತಿಗೆಗೆ ಹೇಳಿದ್ದೆ. ನಾನು ಮಾತಾಡಲಿಲ್ಲ, ನೀನೂ ಆಡಲಿಲ್ಲ. ಐದನೆಯ ದಿನ ಅಮ್ಮನ ಬಚ್ಚಲಿನ ಹೊರಗೋಡೆಗೆ ಪೈಪು ಕೂರಿಸುವಾಗ ನೀನು ಪಿಕಾಸಿ ಕೆಳಗಿಟ್ಟು, ಉಳಿ ಸುತ್ತಿಗೆ ತರಿಸಿ, ಒಂದು ಇಟ್ಟಿಗೆಯೂ ಅಲುಗದ ಹಾಗೆ ತೂತು ಕೊರೆದದ್ದನ್ನು ನೋಡಿದೆ. ಮಧ್ಯಾಹ್ನವೆಲ್ಲ ಬೇಕಾಯಿತು ನಿನಗೆ. ದಿನಚರಿಯಲ್ಲಿ ಬರೆದುಕೊಂಡಿದ್ದೇನೆ.

ಬಾವಿ ತೊಳೆಯಲು ಇಳಿಯುವಾಗ ನೀನು ಬಾವಿಯ ಮೇಲಿನ ಗೋಡೆಯಿಂದ ಇಪ್ಪತ್ತಮೂರು ಇಟ್ಟಿಗೆ ತೆಗೆದು ಬದಿಗೆ ಜೋಡಿಸಿಟ್ಟಿದ್ದೀಯ. ಇನ್ನೂ ವಾಪಸ್ ಇಟ್ಟಿಲ್ಲ. ಇದು ಮರೆವೋ ಹುನ್ನಾರವೋ ಎಂದು ಮೂರು ವಾರದಿಂದ ಯೋಚಿಸುತ್ತಿದ್ದೇನೆ. ನಿನ್ನ ಅತ್ತಿಗೆ ಈಗಾಗಲೇ ಅದರಲ್ಲಿ ಹತ್ತು ಇಟ್ಟಿಗೆಯನ್ನು ತುಳಸಿ ಗಿಡದ ಸುತ್ತ ಜೋಡಿಸಿಕೊಂಡಿದ್ದಾಳೆ. ಆದ್ದರಿಂದ ಲೆಕ್ಕ ಹೊಂದುವ ಹಾಗಿಲ್ಲ.

ನೀರಿನ ವಿಷಯಕ್ಕೆ ಬರುತ್ತೇನೆ. ವರದಿಯ ಮೇಲೆ ನಂಬಿಕೆಯಿಲ್ಲದ ಕಾರಣ ನಾನೇ ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಇಂದು ಸಂಜೆ ನಾಲ್ಕು ಗಂಟೆಗೆ ಬಾವಿಕಟ್ಟೆಯ ಮೇಲೆ. ನನ್ನ ಕಣ್ಣೆದುರಿಗೆ ಮೊದಲ ಲೋಟ ನೀನು ಕುಡಿಯಬೇಕು, ಪೂರ್ತಿ. ಎರಡನೆಯದು ನಾನು ಕುಡಿಯುತ್ತೇನೆ. ರಾತ್ರಿಯವರೆಗೆ ಇಬ್ಬರೂ ಅಲ್ಲೇ ಕುಳಿತಿರೋಣ. ಏನೂ ಆಗದಿದ್ದರೆ ಮೂರನೆಯ ಲೋಟ ನಿನ್ನ ಅತ್ತಿಗೆಗೆ.

ಇದನ್ನು ಅಂಚೆಗೆ ಹಾಕುತ್ತಿಲ್ಲ. ಇಟ್ಟಿಗೆ ತೆಗೆದ ಜಾಗದಲ್ಲಿ ಕಲ್ಲಿನ ಕೆಳಗೆ ಇಟ್ಟಿದ್ದೇನೆ. ನಕಲು ಮಾಡಿಕೊಂಡಿಲ್ಲ.

ನಾಲ್ಕು ಗಂಟೆಗೆ. ಬರದಿದ್ದರೆ ನನಗೆ ಅನುಮಾನ ಬರುತ್ತದೆ.

ಕಾಗುಣಿತ